ಸೋಮಂದೇಪಲ್ಲಿಯ ಬಾವಲಿ ಮರ

ಮೇ ತಿಂಗಳ ಕೊನೆಯ ವಾರ. ಶಾಲೆ ಬಾಗಿಲು ತೆರೆಯಲು ಇನ್ನು ನಾಲ್ಕೈದೇ ದಿನ ಬಾಕಿ. ರಜೆಯಲ್ಲಿ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲವೆಂಬ ಮಕ್ಕಳ ಗೊಣಗಾಟ ಕೇಳಿ ಕೇಳಿ ನಮಗೂ ಸಾಕಾಗಿತ್ತು. ಅಷ್ಟರಲ್ಲಿ ಸೋಮಂದೇಪಲ್ಲಿಯಿಂದ ದೊಡ್ಡಮ್ಮನ ಫೋನ್ ಬಂತು. "ಎರಡು ದಿನದ ಮಟ್ಟಿಗೆ ಬಂದು ಹೋಗ್ರಪ್ಪಾ. ಮಾವಿನಕಾಯಿ ಹಣ್ಣಾಗಿವೆ. ಜೊತೆಗೆ ನಮ್ಮ ಆಲದ ಮರದ್ದು ಒಂದು ಪಂಚಾಯ್ತಿ ಬೇರೆ ಇದೆ, ನಿಮ್ಮನ್ನೂ ಕೇಳಬೇಕು" ಎಂದರು. ಮರದ ಪಂಚಾಯ್ತಿ ಏನೆಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ದೊಡ್ಡಮ್ಮನ ಸ್ವಭಾವವೇ ಹಾಗೆ. ಶುಕ್ರವಾರ ಬೆಳಿಗ್ಗೆ ನಾವು ನಾಲ್ವರೂ ಹೊರಟೆವು.

ಸೋಮಂದೇಪಲ್ಲಿ ಎಂದರೆ ನಮ್ಮ ಧರ್ಮಕೇಂದ್ರದ ಬಹುಪಾಲು ಕುಟುಂಬಗಳಿಗೆ ಗೊತ್ತಿರಲಾರದು. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ, ಕೊಡಿಕೊಂಡ ಚೆಕ್‌ಪೋಸ್ಟಿನ ಆಚೆಗೆ ಪೆನುಕೊಂಡಕ್ಕೆ ಮುಂಚೆ ಸಿಗುವ ಊರು. ಮೊದಲು ಅನಂತಪುರ ಜಿಲ್ಲೆಗೆ ಸೇರಿತ್ತು, 2022ರ ಏಪ್ರಿಲ್‌ನಿಂದ ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಊರಿನ ಮಾತು ತೆಲುಗು. ಆದರೆ ಪಕ್ಕದ ಮಡಕಶಿರಾ ಕಡೆಗೆ ಹೋದರೆ ಅರ್ಧಕ್ಕರ್ಧ ಕನ್ನಡವೇ ಕೇಳಿಸುತ್ತದೆ. ದೊಡ್ಡಮ್ಮನ ಯಜಮಾನರು ಆ ಕಡೆಯವರೇ. ಅವರು ತೀರಿಕೊಂಡ ಮೇಲೂ ದೊಡ್ಡಮ್ಮ ಊರು ಬಿಡಲಿಲ್ಲ. ಎರಡು ಎಕರೆ ಹೊಲ, ಒಂದು ಬಾವಿ, ಏಳೆಂಟು ಮಾವಿನ ಮರ, ಹೊಲದ ಅಂಚಿಗೆ ಆ ಆಲದ ಮರ. ಇಷ್ಟೇ ಆಸ್ತಿ.

ಬಾಗೇಪಲ್ಲಿ ದಾಟಿದ ಮೇಲೆ ಕಾಣುವುದೆಲ್ಲ ಬಂಡೆ, ಗುಡ್ಡ, ಕೆಂಪು ನೆಲ. ದೇಶದಲ್ಲೇ ತೀರಾ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಕಡಲೆಕಾಯಿ ನಂಬಿ ಬದುಕುವ ರೈತರು ಮಳೆ ಕೈಕೊಟ್ಟಾಗೆಲ್ಲ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಈಚೆಗೆ ಪೆನುಕೊಂಡದ ಬಳಿ ಎರ್ರಮಂಚಿಯಲ್ಲಿ 2019ರಲ್ಲಿ ಕಿಯಾ ಕಾರು ಕಾರ್ಖಾನೆ ಶುರುವಾದ ಮೇಲೆ ಕೆಲವರಿಗೆ ಊರ ಹತ್ತಿರವೇ ಕೆಲಸ ಸಿಕ್ಕಿದೆ, ಜಮೀನಿನ ಬೆಲೆಯೂ ಏರಿದೆ. ರಸ್ತೆ ಕಿರಿದಾಗಿದ್ದ ಕಾಲದಲ್ಲಿ ಎರಡೂ ಕಡೆ ಹುಣಸೆ ಮರಗಳ ನೆರಳಿತ್ತಂತೆ. ಈಗ ನಾಲ್ಕು ಸಾಲಿನ ರಸ್ತೆ, ಮಧ್ಯದಲ್ಲಿ ಕಣಗಿಲೆ ಹೂವಿನ ಗಿಡ. ಕಾರಿನ ಕಿಟಕಿ ಇಳಿಸಿದರೆ ಬೆಂಕಿಯಂಥ ಗಾಳಿ.

ಮನೆ ತಲುಪಿ ಊಟ ಮುಗಿಸಿ ಹಿತ್ತಲಿಗೆ ಹೋದಾಗ ಪಂಚಾಯ್ತಿಯ ಮೂಲ ಕಣ್ಣಿಗೆ ಬಿತ್ತು. ಆಲದ ಮರದ ತುಂಬ ಕಪ್ಪು ಚೀಲಗಳನ್ನು ತಲೆಕೆಳಗಾಗಿ ನೇತುಹಾಕಿದಂತೆ ಬಾವಲಿಗಳು. ಒಂದೆರಡಲ್ಲ, ಮುನ್ನೂರಾದರೂ ಇರಬೇಕು. ಕೆಲವು ರೆಕ್ಕೆ ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದವು, ಕೆಲವು ಜಾಗಕ್ಕಾಗಿ ಜಗಳವಾಡುತ್ತ ಕಿರುಚುತ್ತಿದ್ದವು. ಕೆಳಗೆಲ್ಲ ಹಿಕ್ಕೆ, ಜಗಿದು ಉಗುಳಿದ ಸಿಪ್ಪೆ, ಒಂದು ಬಗೆಯ ಹುಳಿ ವಾಸನೆ. ಮಗಳು ಮೂಗು ಮುಚ್ಚಿಕೊಂಡು ನಮ್ಮ ಬೆನ್ನ ಹಿಂದೆ ಸೇರಿದಳು. ಏಳನೇ ತರಗತಿಯ ಮಗರಾಯ ಮಾತ್ರ, "ಇವು ಕಚ್ಚಿದರೆ ನಿಪಾ ಬರುತ್ತೆ ಅಲ್ವಾ?" ಎಂದು ಸುದ್ದಿ ಓದುವವನಂತೆ ಕೇಳಿದ.

ಇದೇ ಪಂಚಾಯ್ತಿ. ಅಕ್ಕಪಕ್ಕದ ಮನೆಯವರಿಗೆ ಮರ ಬೇಡವಾಗಿದೆ. ಒಣಗಿಸಿದ ಬಟ್ಟೆಯ ಮೇಲೆ ಕಲೆ, ನೀರಿನ ತೊಟ್ಟಿಯಲ್ಲಿ ಹಿಕ್ಕೆ, ಮಾವಿನ ಹಣ್ಣಿನ ಹಾನಿ, ಎಲ್ಲಕ್ಕಿಂತ ಹೆಚ್ಚಾಗಿ ಕಾಯಿಲೆಯ ಭಯ. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕೋಡಿನಲ್ಲಿ ನಿಪಾ ಕಾಣಿಸಿಕೊಂಡು 17 ಮಂದಿ ತೀರಿಕೊಂಡ ಸುದ್ದಿ ಈ ಹಳ್ಳಿಯವರೆಗೂ ಬಂದಿತ್ತು. ಆಮೇಲೆ ಕೊರೊನಾ ಕಾಲದಲ್ಲಿ ಬಾವಲಿಯ ಹೆಸರು ಇನ್ನಷ್ಟು ಕೆಟ್ಟಿತು. ಮರ ಇರುವುದು ದೊಡ್ಡಮ್ಮನ ಜಾಗದಲ್ಲಿ. ಕಡಿಯಿರಿ ಎಂದು ಒಂದು ಪಂಗಡ, ಆಲದ ಮರಕ್ಕೆ ಕೊಡಲಿ ಹಾಕಿದರೆ ಊರಿಗೆ ಒಳ್ಳೆಯದಲ್ಲ ಎಂದು ಇನ್ನೊಂದು. "ಭಾನುವಾರ ಸಂಜೆ ಬರ್ತಾರೆ. ನೀವೇ ಏನಾದ್ರೂ ಹೇಳಿ" ಎಂದರು ದೊಡ್ಡಮ್ಮ. ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಕುಂಡದಲ್ಲಿ ತುಳಸಿಯನ್ನೂ ಉಳಿಸಿಕೊಳ್ಳಲಾಗದ ನಮ್ಮನ್ನು ಕೇಳಿದರೆ ಏನು ಹೇಳುವುದು!

ಆ ಸಂಜೆ ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಕುಳಿತೆವು. ಸೂರ್ಯ ಮುಳುಗಿ ಇಪ್ಪತ್ತು ನಿಮಿಷವಾಗಿರಬಹುದು, ಮರದಿಂದ ಒಂದು ಬಾವಲಿ ಎದ್ದು ಒಂದು ಸುತ್ತು ಹಾಕಿ ಪಡುವಣಕ್ಕೆ ಹೊರಟಿತು. ಹಿಂದೆಯೇ ಐದು, ಹತ್ತು, ಆಮೇಲೆ ಲೆಕ್ಕ ತಪ್ಪಿತು. ರೆಕ್ಕೆ ಬಿಚ್ಚಿದರೆ ನಾಲ್ಕಡಿ ಅಗಲ, ಆದರೂ ಸದ್ದಿಲ್ಲ. ಮಗಳು ಭಯ ಮರೆತು ಎಣಿಸತೊಡಗಿದಳು. ಹುಳ ಹಿಡಿಯುವ ಪುಟ್ಟ ಬಾವಲಿಗಳ ಹಾಗೆ ಇವು ಶಬ್ದದ ಮಾರ್ದನಿ ಕೇಳಿ ದಾರಿ ಹುಡುಕುವುದಿಲ್ಲ, ದೊಡ್ಡ ಕಣ್ಣು ಮತ್ತು ಮೂಗು ನಂಬಿಕೊಂಡೇ ಹಾರುತ್ತವೆ. ಒಂದೇ ರಾತ್ರಿಯಲ್ಲಿ ಹತ್ತಾರು ಕಿಲೋಮೀಟರ್ ಹೋಗಿ ಹಣ್ಣು ತಿಂದು ಬೆಳಗಾಗುವಷ್ಟರಲ್ಲಿ ಅದೇ ಮರಕ್ಕೆ ಮರಳುತ್ತವೆ. ಪಡುವಣದ ಗುಡ್ಡಗಳ ಮೇಲೆ ಆ ರಾತ್ರಿ ಅವು ಏನೇನು ಉದುರಿಸಿದವೋ!

ಉದುರಿಸುವುದು ಎಂದ ಮೇಲೆ ಆ ವಿಷಯವನ್ನೇ ಸ್ವಲ್ಪ ಹೇಳಬೇಕು. ಮರಕ್ಕೆ ಕಾಲಿಲ್ಲ. ತನ್ನ ಬೀಜ ತನ್ನ ಬುಡದಲ್ಲೇ ಬಿದ್ದರೆ ಮೊಳೆತ ಸಸಿಗೆ ಬಿಸಿಲಿಲ್ಲ, ತಾಯಿಯ ಬೇರಿನೊಡನೆ ನೀರಿಗಾಗಿ ಪೈಪೋಟಿ. ಅಷ್ಟೇ ಅಲ್ಲ, ಆ ಜಾತಿಯ ಬೀಜವನ್ನೇ ಹುಡುಕಿ ತಿನ್ನುವ ಹುಳ, ಇಲಿ, ಬೂಷ್ಟುಗಳೆಲ್ಲ ತಾಯಿಮರದ ಬುಡದಲ್ಲಿ ಸಂತೆ ನೆರೆದಿರುತ್ತವೆ. 1970ರಲ್ಲಿ ಡೇನಿಯಲ್ ಜಾನ್‌ಜೆನ್, ಮರುವರ್ಷ ಜೋಸೆಫ್ ಕಾನೆಲ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿಯೇ ಈ ಮಾತು ಹೇಳಿದರು. ತಾಯಿಯಿಂದ ದೂರ ಹೋದ ಬೀಜಕ್ಕೇ ಬದುಕುವ ಅವಕಾಶ ಹೆಚ್ಚು, ಉಷ್ಣವಲಯದ ಕಾಡಿನಲ್ಲಿ ಒಂದೇ ಜಾತಿಯ ಮರಗಳು ಗುಂಪುಗುಂಪಾಗಿ ನಿಲ್ಲದೆ ನೂರಾರು ಜಾತಿ ಬೆರೆತು ನಿಂತಿರುವುದಕ್ಕೆ ಇದೂ ಒಂದು ಕಾರಣ ಎಂದು. ದೂರ ಹೋಗಬೇಕಾದರೆ ಹೊರುವವರು ಬೇಕು. ಹೊರುವವರಿಗೆ ಕೂಲಿ ಕೊಡಬೇಕು. ಆ ಕೂಲಿಯೇ ಹಣ್ಣು. ಬೀಜ ಬಲಿಯುವ ತನಕ ಕಾಯಿ ಹಸಿರು, ಒಗರು, ಹುಳಿ. ಬಲಿತ ಕೂಡಲೇ ಬಣ್ಣ, ಪರಿಮಳ, ಸಿಹಿ. ಕೆಲಸ ಮುಗಿಯುವ ಮೊದಲು ಕೂಲಿ ಕೇಳಬೇಡ ಎಂದಂತೆ. ಮಳೆಕಾಡುಗಳಲ್ಲಿ ನೂರಕ್ಕೆ 70ರಿಂದ 90ರಷ್ಟು ಜಾತಿಯ ಮರಗಳು ಹೀಗೆ ಪ್ರಾಣಿಪಕ್ಷಿಗಳ ಹೊಟ್ಟೆ, ಬಾಯಿ, ಕೊಕ್ಕುಗಳನ್ನೇ ನಂಬಿವೆ.

ಕೂಲಿಯಾಳು ಯಾರೆಂಬುದರ ಮೇಲೆ ಹಣ್ಣಿನ ವೇಷ. ಹಕ್ಕಿಗಳಿಗಾದರೆ ಕೆಂಪು, ಕಪ್ಪು, ಚಿಕ್ಕದು. ಹಗಲು ನೋಡಿ ಆರಿಸುವವರಲ್ಲವೇ? ರಾತ್ರಿ ಬರುವ ಬಾವಲಿಗೆ ಬಣ್ಣವಿದ್ದೇನು ಪ್ರಯೋಜನ, ಅದಕ್ಕೆ ವಾಸನೆ ಬೇಕು. ಬಾವಲಿ ಹಣ್ಣನ್ನು ಅಗಿದು ರಸ ಹೀರಿ ನಾರನ್ನು ಉಗುಳುತ್ತದೆ. ಆಲ, ಅತ್ತಿಯಂಥ ಸಾಸಿವೆಗಿಂತ ಸಣ್ಣ ಬೀಜಗಳು ರಸದ ಜೊತೆ ಹೊಟ್ಟೆಗೆ ಹೋಗಿ ಅರ್ಧ ಗಂಟೆಯ ಆಸುಪಾಸಿನಲ್ಲೇ ಹೊರಬೀಳುತ್ತವೆ. ಬೇವು, ಹಿಪ್ಪೆಯಂಥ ದೊಡ್ಡ ಬೀಜದ ಹಣ್ಣನ್ನು ಕಚ್ಚಿಕೊಂಡು ಇನ್ನೊಂದು ಮರಕ್ಕೆ ಹೋಗಿ ತಿಂದು ಬೀಜ ಅಲ್ಲೇ ಬೀಳಿಸುತ್ತದೆ. ಹಕ್ಕಿಗಳು ಹೆಚ್ಚಾಗಿ ಕೊಂಬೆಯ ಮೇಲೆ ಕುಳಿತು ಹಿಕ್ಕೆ ಹಾಕುವುದರಿಂದ ಅವು ಬಿತ್ತಿದ್ದು ಮರದಡಿ, ತಂತಿಯಡಿ, ಬೇಲಿಯಡಿ. ಬಾವಲಿ ಹಾರುತ್ತಲೇ ಹಾಕುತ್ತದೆ. ಹಾಗಾಗಿ ಬಟಾಬಯಲಿನಲ್ಲಿ, ಮರವೇ ಇಲ್ಲದ ಬೋಳು ಗುಡ್ಡದಲ್ಲಿ ಮೊದಲು ಬೀಜ ಬೀಳುವುದು ಬಹುಪಾಲು ಬಾವಲಿಯಿಂದಲೇ. ಈ ಸೀಮೆಯಂಥ ಸೀಮೆಗೆ ಇದು ಸಣ್ಣ ಮಾತಲ್ಲ.

ಶನಿವಾರ ಬೆಳಗಿನ ಜಾವ ಬಿಸಿಲೇರುವ ಮುಂಚೆ ಗುಡ್ಡದ ಕಡೆ ಹೊರಟೆವು. ದೊಡ್ಡಮ್ಮನ ಹೊಲದ ಪಕ್ಕದಲ್ಲಿ ಮೇಕೆ ಕಾಯುವ ತಾತನೊಬ್ಬರು ಜೊತೆಗೆ ಬಂದರು. ಒಣಗಿದ ಹಳ್ಳದ ಪಕ್ಕ ಈಚಲು ಗಿಡಗಳ ಸಾಲು. ಅಲ್ಲಿ ಬಂಡೆಯೊಂದರ ಬಳಿ ತಾತ ನಿಂತು ಕೋಲಿನಿಂದ ತೋರಿಸಿದರು. ಕಪ್ಪಗೆ ಒಣಗಿದ ದೊಡ್ಡ ಲದ್ದಿಯ ಗುಡ್ಡೆ. "ಎಲುಗುಬಂಟಿ" ಎಂದರು ಮೆಲ್ಲಗೆ. ಕರಡಿ! ಮಗ ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದ. ಹಳೆಯದು, ಮೂರು ದಿನದ್ದು ಎಂದು ತಾತ ಸಮಾಧಾನ ಹೇಳಿ ಕೋಲಿನಿಂದ ಲದ್ದಿ ಬಿಡಿಸಿದರು. ಒಳಗೆ ಗೆದ್ದಲಿನ ತಲೆಗಳು, ಈಚಲು ಬೀಜ, ಕಕ್ಕೆಯ ಚಪ್ಪಟೆ ಬೀಜ, ಒಂದೊಂದೂ ತೊಳೆದಿಟ್ಟಂತೆ ನುಣ್ಣಗೆ. ಕಕ್ಕೆ ಮರವನ್ನು ನಾವೆಲ್ಲ ಹಳದಿ ಹೂವಿನ ಜೋಲಿಗೆ ಗುರುತಿಸುತ್ತೇವೆ. ಅದರ ಮೊಳದುದ್ದದ ಗಟ್ಟಿ ಕೋಡನ್ನು ಮುರಿದು ತಿರುಳು ನೆಕ್ಕಲು ಕರಡಿಯಂಥ ಗಟ್ಟಿಗನೇ ಬೇಕು. ದಕ್ಷಿಣ ಭಾರತದ ಕಾಡುಗಳಲ್ಲಿ ಕರಡಿ ಲದ್ದಿಯ ಬೀಜ ತೆಗೆದು ಬಿತ್ತಿ ನೋಡಿದ ಸಂಶೋಧಕರು ಅವು ಚೆನ್ನಾಗಿ ಮೊಳೆಯುತ್ತವೆಂದು ತೋರಿಸಿದ್ದಾರೆ. ಮಗಳು ಹತ್ತಿಪ್ಪತ್ತು ಬೀಜ ಕಾಗದದಲ್ಲಿ ಕಟ್ಟಿಕೊಂಡಳು. ಕೈ ತೊಳೆಸಿದ್ದು ಎರಡು ಸಲ.

ಕರಡಿ ಎಂದರೆ ಈ ಕಡೆಯವರಿಗೆ ತಮಾಷೆಯಲ್ಲ. ಕಲ್ಯಾಣದುರ್ಗದ ಗುಡ್ಡಗಳ ಅಂಚಿನ ಹಳ್ಳಿಗಳಲ್ಲಿ ಬೆಳಿಗ್ಗೆ ಹೊಲಕ್ಕೆ ಹೋದವರು ಕರಡಿಗೆ ಸಿಕ್ಕಿ ಮುಖ ಹರಿಸಿಕೊಂಡ ಕತೆ ತಾತನ ಬಳಿಯೂ ಇತ್ತು. ಗುಡ್ಡದಲ್ಲಿ ಕಲ್ಲು ಒಡೆದು, ನೀರು ಬತ್ತಿ, ಹಣ್ಣಿನ ಗಿಡ ಕಡಿಮೆಯಾದಷ್ಟೂ ಅದು ಕೆಳಗಿಳಿಯುತ್ತದೆ. ಬಳ್ಳಾರಿ ಜಿಲ್ಲೆಯ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗೆಂದೇ ಅಭಯಾರಣ್ಯ ಮಾಡಿದ್ದಾರೆ. ಸಂಜೆ ಹೊತ್ತು ಬಂಡೆಯ ಮೇಲೆ ಬೆಲ್ಲದ ಪಾಕ ಹಚ್ಚಿಡುತ್ತಾರೆ, ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಕರಡಿಗಳು ಬಂದು ನೆಕ್ಕುವುದನ್ನು ಕಾವಲು ಗೋಪುರದಿಂದ ನೋಡಬಹುದು. ನೋಡಲು ಚೆಂದ. ಆದರೆ ಬೆಲ್ಲದಲ್ಲಿ ಬೀಜವಿಲ್ಲವಲ್ಲ ಎಂದು ಈಗ ಅನ್ನಿಸುತ್ತದೆ. ನಮ್ಮ ಬಾಲ್ಯದಲ್ಲಿ ಬೀದಿಗೆ ಕರಡಿ ಕುಣಿಸುವವರು ಬರುತ್ತಿದ್ದರು, ಮೂಗಿಗೆ ಹಗ್ಗ ಪೋಣಿಸಿದ ಆ ಆಟ 2009ರ ಹೊತ್ತಿಗೆ ನಿಂತಿತು. ಹಾಗೆ ಬಿಡಿಸಿ ತಂದ ಎಷ್ಟೋ ಕರಡಿಗಳನ್ನು ಬನ್ನೇರುಘಟ್ಟದಲ್ಲಿ ಸಾಕಿದರು.

ಇಳಿಯುವಾಗ ಮಗಳ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಬಿತ್ತುವವನ ಸಾಮತಿ ಕಲಿತಿದ್ದಳು. "ದಾರಿಯಲ್ಲಿ ಬಿದ್ದ ಬೀಜ ಹಕ್ಕಿ ತಿಂದುಬಿಟ್ಟವು, ಅದು ದಂಡ ಆಯ್ತು ಅಂತ ಸಿಸ್ಟರ್ ಹೇಳಿದ್ರು. ಇಲ್ಲಿ ಹಕ್ಕಿ ತಿಂದರೇನೇ ಗಿಡ ಬರುತ್ತೆ ಅಂತೀರಿ. ಯಾವುದು ಸರಿ?" ಒಳ್ಳೆಯ ಪ್ರಶ್ನೆ. ಎರಡೂ ಸರಿಯೇ. ಸಾಮತಿಯಲ್ಲಿ ಬಿತ್ತಿದ್ದು ದವಸ. ದವಸದ ಕಾಳಿಗೆ ತಿರುಳಿಲ್ಲ, ಕಾಳೇ ಆಹಾರ. ಹಕ್ಕಿಯ ಹೊಟ್ಟೆಯಲ್ಲಿ ಅದು ಅರೆದು ಹಿಟ್ಟಾಗುತ್ತದೆ. ಪಾರಿವಾಳ, ಗುಬ್ಬಿ ಮಾಡುವುದು ಅದನ್ನೇ. ನಮ್ಮ ಮುದ್ದಿನ ಗಿಳಿ ಹಣ್ಣು ತಿನ್ನುವಂತೆ ಕಂಡರೂ ಬೀಜವನ್ನು ಕುಟುಕಿ ಒಡೆದು ತಿನ್ನುತ್ತದೆ, ಮರದ ಲೆಕ್ಕದಲ್ಲಿ ಅದು ಕಳ್ಳನೇ. ಪಿಕಳಾರ, ಕುಟ್ರು ಹಕ್ಕಿ, ಗೊರವಂಕ, ಕೋಗಿಲೆಗಳು ಹಣ್ಣನ್ನು ಇಡಿಯಾಗಿ ನುಂಗಿ ತಿರುಳು ಜೀರ್ಣಿಸಿಕೊಂಡು ಬೀಜ ಬಿಟ್ಟುಕೊಡುತ್ತವೆ. ನಮ್ಮ ನಾಡಿಗೆ ಹೆಸರು ತಂದ ಶ್ರೀಗಂಧ ಕಾಡಿನಲ್ಲಿ ಹರಡುವುದೂ ಹೀಗೆಯೇ. ಅದರ ಕಪ್ಪು ಹಣ್ಣು ತಿಂದ ಹಕ್ಕಿ ಪೊದೆಯಲ್ಲಿ ಕುಳಿತು ಬೀಜ ಬೀಳಿಸುತ್ತದೆ, ಗಂಧದ ಸಸಿಗೆ ಆಸರೆಗೆ ಬೇಕಾದ ಬೇರೆ ಗಿಡದ ಬೇರು ಅಲ್ಲೇ ಸಿಗುತ್ತದೆ. ಲಂಟಾನವನ್ನು ಊರೂರಿಗೆ ಹರಡಿದ್ದೂ ಇದೇ ಹಕ್ಕಿಗಳು. ಅವಕ್ಕೆ ನಮ್ಮ ಗಿಡ, ಹೊರಗಿನ ಗಿಡ ಎಂಬ ಭೇದ ತಿಳಿಯದು.

ಭೇದ ತಿಳಿಯದ ಇನ್ನೊಬ್ಬರು ತಾತನ ಮೇಕೆಗಳು. ಗುಡ್ಡದ ಬುಡದಿಂದ ಹೊಲದವರೆಗೆ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ತೆಲುಗಿನವರು ಸರ್ಕಾರ್ ತುಮ್ಮ ಎನ್ನುತ್ತಾರೆ. ಅಮೆರಿಕ ಖಂಡದ ಈ ಮುಳ್ಳಿನ ಗಿಡವನ್ನು 1877ರ ಸುಮಾರಿಗೆ ಸೌದೆಗೆಂದು ಪಕ್ಕದ ಕಡಪಾ ಜಿಲ್ಲೆಯ ಕಮಲಾಪುರದಲ್ಲಿ ಬೆಳೆಸಿದರು. ಸಿಹಿಯಾದ ಅದರ ಕೋಡು ಮೇಕೆ, ದನಗಳಿಗೆ ಪ್ರಾಣ. ಗಟ್ಟಿ ಸಿಪ್ಪೆಯ ಬೀಜ ಹಿಕ್ಕೆಯೊಂದಿಗೆ ಹೊರಬಿದ್ದು ಗೊಬ್ಬರ ಸಮೇತ ಮೊಳೆಯುತ್ತದೆ. ದೊಡ್ಡಮ್ಮನ ಎರಡು ಎಕರೆಯಲ್ಲಿ ಅರ್ಧ ಎಕರೆ ಈಗ ಅದರ ಪಾಲಾಗಿದೆ. ಕಿತ್ತಷ್ಟೂ ಬರುತ್ತದೆ. ಆದರೆ ಅದೇ ಗಿಡದ ಸೌದೆಯಿಂದ, ಇದ್ದಿಲಿನಿಂದ ಬರಗಾಲದಲ್ಲಿ ಎಷ್ಟೋ ಮನೆಗಳ ಒಲೆ ಉರಿದಿದೆ ಎನ್ನುವುದನ್ನು ತಾತ ಮರೆಯದೆ ಹೇಳಿದರು. ಕರಡಿ, ಬಾವಲಿ ಬಿತ್ತುವ ಹತ್ತು ಬಗೆಯ ಬೀಜದ ಜಾಗದಲ್ಲಿ ಮೇಕೆ ಬಿತ್ತುವ ಒಂದೇ ಬಗೆಯ ಬೀಜ ತುಂಬಿಕೊಳ್ಳುತ್ತಿದೆ ಎಂಬುದಂತೂ ಕಣ್ಣಿಗೆ ಕಾಣುವ ಸಂಗತಿ.

ಮಧ್ಯಾಹ್ನದ ಮೇಲೆ ಗೋರಂಟ್ಲ ಮಾರ್ಗವಾಗಿ ಕದಿರಿ ಸೀಮೆಗೆ ಹೋದೆವು, ತಿಮ್ಮಮ್ಮ ಮರ್ರಿಮಾನು ನೋಡಲು. ಮರ್ರಿ ಎಂದರೆ ಆಲ. ಒಂದೇ ಆಲದ ಮರ ಸುಮಾರು ಐದು ಎಕರೆ ಹಬ್ಬಿದೆ. ಈ ಮರವನ್ನು ಹೊರಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಪತ್ರಕರ್ತ, ಛಾಯಾಗ್ರಾಹಕ ರಿಗ್ರೆಟ್ ಅಯ್ಯರ್. 1989ರಲ್ಲಿ ಇದು ಗಿನ್ನೆಸ್ ದಾಖಲೆಯ ಪುಸ್ತಕ ಸೇರಿತು. ಗಂಡನ ಚಿತೆಯೇರಿದ ತಿಮ್ಮಮ್ಮನ ಚಿತೆಗೆ ನೆಟ್ಟ ಕಂಬವೊಂದು ಚಿಗುರಿ ಈ ಮರವಾಯಿತೆಂಬುದು ಊರವರ ನಂಬಿಕೆ. ಹೆಣ್ಣುಮಗಳೊಬ್ಬಳನ್ನು ಬೆಂಕಿಗೆ ಕಳಿಸಿದ ಕತೆ ಕೇಳಿ ನಮಗೆ ಕೈಮುಗಿಯುವುದಕ್ಕಿಂತ ಸಂಕಟವೇ ಹೆಚ್ಚಾಯಿತು ಎಂದು ಹೇಳಿಬಿಡುವುದೇ ಮೇಲು. ಒಳಗೆ ಹೊಕ್ಕರೆ ಬಿಳಲುಗಳ ನಡುವೆ ತಂಪು, ಹಕ್ಕಿಗಳ ಗಲಾಟೆ. ನೆಲದ ತುಂಬ ಕೆಂಪು ಆಲದ ಹಣ್ಣು. ಒಂದನ್ನು ಬಿಡಿಸಿ ಮಕ್ಕಳಿಗೆ ತೋರಿಸಿದೆವು. ಆಲದ ಹೂವು ಹಣ್ಣಿನ ಒಳಗೇ ಇರುತ್ತದೆ. ಗುಂಡುಸೂಜಿಯ ತಲೆಗಿಂತ ದೊಡ್ಡದಲ್ಲದ ಒಂದು ಕಣಜ ಸಣ್ಣ ತೂತಿನಿಂದ ಒಳನುಗ್ಗಿ ಪರಾಗಸ್ಪರ್ಶ ಮಾಡುತ್ತದೆ. ಆಲಕ್ಕೆ ಆಲದ್ದೇ ಕಣಜ, ಅತ್ತಿಗೆ ಅತ್ತಿಯದೇ. ಕಣಜದ ಪೀಳಿಗೆ ನಿಲ್ಲಬಾರದಾದ್ದರಿಂದ ಒಂದು ಸೀಮೆಯ ಆಲದ ಮರಗಳೆಲ್ಲ ಒಟ್ಟಿಗೇ ಹಣ್ಣು ಬಿಡುವುದಿಲ್ಲ, ಒಂದಾದ ಮೇಲೊಂದು ಬಿಡುತ್ತವೆ. ಬೇರೆ ಮರಗಳೆಲ್ಲ ಬರಿದಾಗಿರುವ ತಿಂಗಳಲ್ಲೂ ಎಲ್ಲೋ ಒಂದು ಆಲವೋ ಅರಳಿಯೋ ಬಸರಿಯೋ ಹಣ್ಣು ತುಂಬಿಕೊಂಡಿರುತ್ತದೆ. ಹಣ್ಣು ತಿನ್ನುವ ಜೀವಗಳಿಗೆ ಬರಗಾಲದ ಗಂಜಿ ಕೇಂದ್ರ ಇದ್ದಂತೆ.

ಇದೇ ಬೀಜ ಕಲ್ಲಿನ ಸಂದಿಗೆ ಬಿದ್ದರೆ ಆಗುವುದೇನೆಂದು ಪೆನುಕೊಂಡದ ಕೋಟೆಗೆ ಹೋದವರಿಗೆ ಗೊತ್ತು. 1565ರ ತಾಳೀಕೋಟೆ ಯುದ್ಧದ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಊರದು. ಹಾಳುಬಿದ್ದ ಗೋಡೆಗಳಲ್ಲಿ ಅರಳಿ, ಆಲದ ಸಸಿ ಬೇರಿಳಿಸಿ ಕಲ್ಲನ್ನು ಸೀಳುತ್ತವೆ. ಬೇರೆ ಮರದ ಕವಲಿನಲ್ಲಿ ಮೊಳೆತರೆ ಆ ಮರವನ್ನೇ ಅಪ್ಪಿ ಮುಗಿಸುತ್ತವೆ. ನಮ್ಮ ಹಳೆಯ ದೇವಾಲಯಗಳ ಗಂಟೆಗೋಪುರದಲ್ಲಿ ವರ್ಷಕ್ಕೊಮ್ಮೆ ಅರಳಿ ಸಸಿ ಕೀಳಿಸುವ ಖರ್ಚು ಯಾರ ಹೆಸರಿಗೆ ಬರೆಯಬೇಕೆಂದು ಈಗ ತಿಳಿಯಿತು.

ಒಣಸೀಮೆಯಲ್ಲೇ ಇಷ್ಟಾದರೆ ಪಶ್ಚಿಮ ಘಟ್ಟದ ಕಾಡಿನಲ್ಲಿ ಕೇಳಬೇಕೇ? ದಾಂಡೇಲಿಯ ಕಡೆ ಹೋದವರು ಕಾಳಿ ನದಿಯ ಮೇಲೆ ಮಂಗಟ್ಟೆ ಹಕ್ಕಿಗಳು ಹಾರುವುದನ್ನು ನೋಡಿರಬಹುದು. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲಿಗೆ ಗಿಲಾವು ಮಾಡಿಕೊಂಡು ಕೂರುತ್ತದೆ. ಬಾಣಂತನದ ಅಷ್ಟೂ ದಿನ ಗಂಡು ಗಂಟಲ ಚೀಲದಲ್ಲಿ ಹಣ್ಣು ತುಂಬಿ ತಂದು ಒಂದೊಂದೇ ಉಣಿಸುತ್ತದೆ. ದೊಡ್ಡ ಬೀಜದ ಕಾಡುಹಣ್ಣುಗಳನ್ನು ನುಂಗುವ ಅಗಲ ಬಾಯಿ ಹಕ್ಕಿಗಳಲ್ಲಿ ಅವಕ್ಕೇ ಇರುವುದು. ನೆಲ್ಲಿಕಾಯಿಯ ಕತೆ ಬೇರೆ. ಜಿಂಕೆ ಉದುರಿದ ನೆಲ್ಲಿಕಾಯಿ ನುಂಗಿ, ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಬೀಜವನ್ನು ಬಾಯಿಂದ ಉಗುಳುತ್ತದೆ. ಬೆಟ್ಟದ ನೆಲ್ಲಿಯನ್ನು ಒಂದೂ ಬಿಡದೆ ಮಾರಾಟಕ್ಕೆ ಕಿತ್ತರೆ ಜಿಂಕೆಗೂ ಇಲ್ಲ, ನೆಲಕ್ಕೂ ಇಲ್ಲ.

ಹೊರುವವರು ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಮಾರಿಷಸ್ ದ್ವೀಪದ ಉದಾಹರಣೆ ಕೊಡುತ್ತಾರೆ. ಹಾರಲಾರದ ಡೋಡೋ ಹಕ್ಕಿಯನ್ನು ನಾವಿಕರು ಹದಿನೇಳನೇ ಶತಮಾನದಲ್ಲೇ ಮುಗಿಸಿದರು. ಅಲ್ಲಿನ ಒಂದು ಮರ ಡೋಡೋ ಹೊಟ್ಟೆ ಸೇರದೆ ಮೊಳೆಯುವುದೇ ಇಲ್ಲ ಎಂದು 1977ರಲ್ಲಿ ಒಬ್ಬ ವಿಜ್ಞಾನಿ ಬರೆದದ್ದು ಶಾಲಾ ಪಾಠಗಳಿಗೂ ಬಂತು. ಅದು ಪೂರ್ತಿ ನಿಜವಲ್ಲವೆಂದು ಆಮೇಲೆ ತಿಳಿಯಿತು, ಡೋಡೋ ಇಲ್ಲದೆಯೂ ಆ ಬೀಜ ಮೊಳೆಯಬಲ್ಲದು. ಆದರೆ ಅದೇ ಮಾರಿಷಸ್ಸಿನ ಪಕ್ಕದ ಪುಟ್ಟ ದ್ವೀಪವೊಂದಕ್ಕೆ ಬೇರೆಡೆಯ ದೈತ್ಯ ಆಮೆಗಳನ್ನು ತಂದು ಬಿಟ್ಟಾಗ, ನಶಿಸಿಹೋದ ಆಮೆಗಳ ಕೆಲಸವನ್ನು ಅವು ವಹಿಸಿಕೊಂಡು ಕರಿಮರದ ಬೀಜ ಹರಡತೊಡಗಿದವು. ಇಷ್ಟೆಲ್ಲ ಕಂಡ ಆ ದೇಶದಲ್ಲೇ ಲಿಚಿ ತೋಟ ಉಳಿಸಲೆಂದು 2015 ಮತ್ತು 2016ರಲ್ಲಿ ಸಾವಿರಾರು ಬಾವಲಿಗಳನ್ನು ಗುಂಡಿಟ್ಟು ಕೊಂದರು. 2018ರಲ್ಲಿ ಆ ಜಾತಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಬಾವಲಿ ವರ್ಷಕ್ಕೆ ಹೆರುವುದು ಒಂದೇ ಮರಿ, ಹೋದದ್ದು ಬೇಗ ತುಂಬುವುದಿಲ್ಲ.

ಭಾನುವಾರ ಬೆಳಿಗ್ಗೆ ಹಿಂದೂಪುರದಲ್ಲಿ ತೆಲುಗು ಪೂಜೆ ಮುಗಿಸಿ ಬಂದೆವು. ಸಂಜೆ ನಾಲ್ಕಕ್ಕೆ ಅಂಗಳದಲ್ಲಿ ಎಂಟು ಜನ ಸೇರಿದರು. ನಮ್ಮ ಅರೆಬರೆ ತೆಲುಗಿನಲ್ಲಿ, ದೊಡ್ಡಮ್ಮ ತಿದ್ದುತ್ತಿದ್ದಂತೆ, ಗೊತ್ತಿದ್ದದ್ದನ್ನು ಹೇಳಿದೆವು. ನಿಪಾ ವೈರಸ್ಸು ಈ ಜಾತಿಯ ಬಾವಲಿಗಳಲ್ಲಿ ಇರಬಲ್ಲದು, ಅದನ್ನು ಮುಚ್ಚಿಡಲಿಲ್ಲ. ಹಾಗೆಂದು ಮರ ಕಡಿದರೆ ಅವು ಸಾಯುವುದಿಲ್ಲ, ಚದುರಿ ಹತ್ತು ಮರಕ್ಕೆ ಹೋಗುತ್ತವೆ, ಬೆದರಿದ ಪ್ರಾಣಿಯಿಂದಲೇ ಸೋಂಕು ಹೆಚ್ಚು ಹೊರಬೀಳುತ್ತದೆ ಎಂಬ ಭಯವನ್ನೂ ತಿಳಿದವರು ಹೇಳುತ್ತಾರೆ. ಕಚ್ಚಿದ ಹಣ್ಣು ತಿನ್ನಬಾರದು, ನೀರಿನ ತೊಟ್ಟಿಗೆ ಮುಚ್ಚಳ ಹಾಕಬೇಕು, ತೆರೆದ ಮಡಕೆಯ ಹಸಿ ಈಚಲು ರಸ ಕುಡಿಯಬಾರದು, ಬಿದ್ದ ಬಾವಲಿಯನ್ನು ಮಕ್ಕಳು ಮುಟ್ಟಬಾರದು. ಇಷ್ಟು ಮಾಡಿದರೆ ಬಹುಪಾಲು ಕ್ಷೇಮ.

"ನಿಮಗೇನು, ನಾಳೆ ಬೆಂಗಳೂರಿಗೆ ಹೋಗ್ತೀರಿ. ನಮ್ಮ ಮಕ್ಕಳು ಇಲ್ಲೇ ಆಡಬೇಕು" ಎಂದರು ಪಕ್ಕದ ಮನೆಯ ತಾಯಿ. ಆ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮಾವಿನ ಹಣ್ಣಿನ ನಷ್ಟವಂತೂ ದೊಡ್ಡಮ್ಮನಿಗೇ ಎಲ್ಲರಿಗಿಂತ ಹೆಚ್ಚು. ಆಗ ಹಿರಿಯರೊಬ್ಬರು ಕಾನೂನಿನ ಮಾತೆತ್ತಿದರು. ಆಂಧ್ರದಲ್ಲಿ ವಾಲ್ಟಾ ಎಂದು ಕರೆಯುವ 2002ರ ನೀರು, ಭೂಮಿ, ಮರಗಳ ಕಾಯ್ದೆ ಇದೆ, ಮರ ಕಡಿಯಲು ಅನುಮತಿ ಬೇಕು ಎಂದು. ಬಾವಲಿಯ ಕಾನೂನನ್ನು ನಾವು ಸೇರಿಸಿದೆವು. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಯನ್ನು ಇಲಿ, ಕಾಗೆಗಳ ಜೊತೆ ಉಪದ್ರವಿ ಪ್ರಾಣಿಗಳ ಪಟ್ಟಿಗೆ ಹಾಕಿದ್ದರು, ಯಾರು ಬೇಕಾದರೂ ಕೊಲ್ಲಬಹುದಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದ್ದಾರೆ. ಸುಮ್ಮನೆ ಕುಳಿತಿದ್ದ ಮೇಕೆಯ ತಾತ ಕೊನೆಗೆ ಒಂದೇ ಮಾತು ಕೇಳಿದರು. ಗುಡ್ಡದ ಮೇಲಿನ ಹಿಪ್ಪೆ ಮರಗಳನ್ನು ನೆಟ್ಟವರು ಯಾರು, ನಿಮ್ಮಲ್ಲಿ ಯಾರಾದರೂ ನೆಟ್ಟಿದ್ದೀರಾ ಎಂದು.

ಕಡಿಯುವ ಮಾತು ಅಂದಿಗೆ ನಿಂತಿತು. ಪೂರ್ತಿ ಬಿಟ್ಟರೆಂದಲ್ಲ. ಬಾವಿಯ ಕಡೆಗೆ ಚಾಚಿದ ಎರಡು ಕೊಂಬೆಗಳನ್ನು ಮರಿ ಹಾಕುವ ಕಾಲ ಕಳೆದ ಮೇಲೆ, ಅನುಮತಿ ತೆಗೆದುಕೊಂಡು ಇಳಿಸುವುದು, ಪಕ್ಕದ ಮನೆಯ ತೊಟ್ಟಿಗೆ ದೊಡ್ಡಮ್ಮನ ಖರ್ಚಿನಲ್ಲಿ ತಗಡಿನ ಮುಚ್ಚಳ ಮಾಡಿಸುವುದು, ಮುಂದಿನ ಬೇಸಿಗೆಗೆ ಮತ್ತೆ ಸೇರುವುದು ಎಂದಾಯಿತು. ಎದ್ದು ಹೋಗುವಾಗಲೂ ಆ ತಾಯಿಯ ಮುಖ ಗಂಟಿಕ್ಕಿಕೊಂಡೇ ಇತ್ತು. ದೊಡ್ಡಮ್ಮ ಒಂದು ಬುಟ್ಟಿ ಮಾವಿನ ಹಣ್ಣು ಕೊಟ್ಟು ಕಳಿಸಿದರು, ಕಚ್ಚದ ಹಣ್ಣನ್ನೇ ಆರಿಸಿ.

ಜುಲೈನಲ್ಲಿ ಒಂದು ಒಳ್ಳೆಯ ಮಳೆಯಾಯಿತಂತೆ. ಮುಚ್ಚಳ ಮಾಡಿಸಿದ್ದಾಯಿತು, ಮರದ ಸುತ್ತ ಬೇವಿನ ಸಸಿ ಎದ್ದಿವೆ, ಯಾರಿಗಾದರೂ ಬೇಕಾದರೆ ಬಂದು ಕಿತ್ತುಕೊಂಡು ಹೋಗಿ ಎಂದು ದೊಡ್ಡಮ್ಮ ಫೋನಿನಲ್ಲಿ ಹೇಳಿದರು. ಮಗಳು ಕಾಗದದಲ್ಲಿ ಕಟ್ಟಿ ತಂದ ಬೀಜಗಳನ್ನು ಬಿಸ್ಕತ್ತಿನ ಡಬ್ಬಿಗೆ ಮಣ್ಣು ತುಂಬಿ ಹಾಕಿದ್ದಳು. ಈಚಲು ಇನ್ನೂ ಸುದ್ದಿಯಿಲ್ಲ. ಕಕ್ಕೆ ಮೂರು ಬಂದಿವೆ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ "ಕರಡಿ ಗಿಡಕ್ಕೆ ನೀರು ಹಾಕಿದಿರಾ?" ಎಂದು ನಮ್ಮನ್ನೇ ಕೇಳುತ್ತಾಳೆ.